ಸೋಮವಾರ ಸರ್ವೆ

ತಾನು ಅಂದದ್ದು 'ಗಾಳಿ ಮರ' ಎಂದೋ 'ಸರ್ವೆ' ಎಂದೋ ಸಮೀಕ್ಷಾಗೆ ಖಚಿತವಾಗಲಿಲ್ಲ. ನಂಜನಗೂಡಿನಲ್ಲಿ ನರಸೀಪುರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಾಗಿನಿಂದ ಆ ಒಂದು ವಾಕ್ಯವನ್ನು ಎರಡೂ ಬಗೆಯಲ್ಲಿ ಒಳಗೊಳಗೇ ಹೇಳಿಕೊಂಡು ನೋಡುತ್ತಿದ್ದಳು. ಎರಡೂ ಅವಳ ಬಾಯಿಗೆ ಹೊಂದುತ್ತಿದ್ದವು. ಶುಕ್ರವಾರ ನರಸೀಪುರದ ಆಫೀಸಿನಿಂದ, ತಾನೀಗ ಹೊರಟಿದ್ದ ಹಳ್ಳಿಯ ಬೆಟ್ಟಸ್ವಾಮಿಯ ಅಂಗಡಿಗೆ ಫೋನು ಮಾಡಿದಾಗ ನರೇಂದ್ರ ಪಕ್ಕದಲ್ಲೇ ನಿಂತಿದ್ದರು. ಅವಳು ಕೆಲಸ ಮಾಡುವ ಸಂಸ್ಥೆಯ ಮುಖ್ಯಸ್ಥರು ಅವರು; ಬೇರೆಯವರು ಫೋನಿನಲ್ಲಿರುವಾಗ ಪೆನ್ನಿನ ತುದಿಯಿಂದ ಮೇಜು ಕುಟ್ಟುವುದು ಅವರ ಅಭ್ಯಾಸ. ಆ ಕಡೆಯಿಂದ ಅಂಗಡಿಗೆ ಅಂಟಿಕೊಂಡಿದ್ದ ಹಿಟ್ಟಿನ ಗಿರಣಿಯ ಸದ್ದು. ಅವಳು ದನಿ ಏರಿಸಿ ಹೇಳಿದ್ದಳು: ಸೋಮವಾರ ಬರ್ತಾರೆ, ಎಲ್ಲ ತಯಾರಾಗಿರಲಿ ಅಂತ ಮಂಗಳಮ್ಮನಿಗೆ ತಿಳಿಸಿ. ಆದರೆ 'ಬರ್ತಾರೆ' ಎನ್ನುವುದಕ್ಕೆ ಮುಂಚೆ ಒಂದು ಪದವಿತ್ತು. ಅದನ್ನು ಕೇಳಿಸಿಕೊಂಡ ಮೇಲೆ ಬೆಟ್ಟಸ್ವಾಮಿ, ಅಷ್ಟು ಮಾತಿನ ಮನುಷ್ಯ, ಒಂದು ತಮಾಷೆಯನ್ನೂ ಮಾಡದೆ 'ಆಗ್ಲಿ ಬುಡಿ' ಎಂದಷ್ಟೇ ಹೇಳಿ ಫೋನಿಟ್ಟಿದ್ದ. ಆ ಕುಗ್ಗಿದ ದನಿ ಶನಿವಾರ, ಭಾನುವಾರ ಅವಳ ಕಿವಿಯಲ್ಲಿ ಉಳಿದಿತ್ತು. ಮತ್ತೆ ಫೋನು ಮಾಡಬಹುದಿತ್ತು. ಮಾಡಿ ಏನೆಂದು ಕೇಳುವುದು? ನಾನು ಆವತ್ತು ಏನಂದೆ ಎಂದೇ? ಎಂ.ಎಸ್ಸಿ. ಓದಿದವಳು, ಹೈಸ್ಕೂಲು ಮೇಷ್ಟರ ಮಗಳು, ತನ್ನ ಬಾಯಿಂದ ಬಿದ್ದ ಮಾತನ್ನು ಕಿರಾಣಿ ಅಂಗಡಿಯವನ ಹತ್ತಿರ ವಿಚಾರಿಸಬೇಕೆ? ಎರಡು ಸಲ ಎಸ್.ಟಿ.ಡಿ. ಬೂತಿನ ತನಕ ಹೋಗಿ, ಒಳಗೆ ಯಾರೋ ಇದ್ದಾರೆಂಬುದನ್ನೇ ನೆಪ ಮಾಡಿಕೊಂಡು ಹಿಂದಿರುಗಿದ್ದಳು.

ಆ ಊರಿನಲ್ಲಿ ಸರ್ವೆ ಎಂಬ ಪದವನ್ನು ಯಾರೂ ಎತ್ತಬಾರದೆಂದು ಕಟ್ಟು ಮಾಡಿದವಳು ಅವಳೇ. ಫೆಬ್ರವರಿಯಲ್ಲಿ ಮೊದಲ ಸಲ ಹೋದಾಗ ಅಂಗಡಿಯ ಮುಂದೆ ಕೂತಿದ್ದವರಿಗೆ, ಸಮುದ್ರದ ದಂಡೆಯಲ್ಲಿ ನೆಡಲು ಸರ್ವೆ ಸಸಿ ಬೆಳೆಸಬೇಕು, ಒಂದು ವರ್ಷದ ಮಟ್ಟಿಗೆ ಹೊಳೆ ಪಕ್ಕ ಜಾಗ ಬೇಕು ಎಂದು ನಿಧಾನವಾಗಿ, ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಂತೆಯೇ ಹೇಳಿದ್ದಳು. ಅವರಿಗೆ ಕೇಳಿಸಿದ್ದು ಆ ಒಂದು ಪದ ಮಾತ್ರ. ಹಿಂದೊಮ್ಮೆ ನಾಲೆಗೆಂದು ಸರ್ವೆಯವರು ಬಂದು, ಚೈನು ಎಳೆದು, ಕಲ್ಲು ನೆಟ್ಟು ಹೋಗಿದ್ದರು. ಬೀಳು ಬಿದ್ದಿದ್ದ ಜಮೀನೆಲ್ಲ ಹೋಯಿತು, ಪೈರಿದ್ದದ್ದು ಉಳಿಯಿತು ಎಂದು ಊರು ನಂಬಿತ್ತು. ಯಾರೋ ಅವಳ ಹೆಸರು ಕೇಳಿದರು. ಹೇಳಿದಳು. 'ಅಂಗಂದ್ರೆ?' ಎಂದ ಬೆಟ್ಟಸ್ವಾಮಿ. ಪದವೊಂದರ ಅರ್ಥ ಕೇಳಿದರೆ ಸುಮ್ಮನಿರುವುದು ಅವರ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಪ್ಪ ಶ್ರೀಕಂಠಯ್ಯ ಊಟಕ್ಕೆ ಕೂತವರನ್ನೂ ಬಿಡದೆ ತಿದ್ದುವವರು. 'ಸಮೀಕ್ಷೆ ಅಂದ್ರೆ, ಒಂದು ರೀತಿ, ಸರ್ವೆ' ಎಂದುಬಿಟ್ಟಳು. 'ನೋಡ್ರಪ್ಪಾ, ಎಸ್ರಲ್ಲೇ ಚೈನು ಇಡ್ಕಂಡ್ ಬಂದವ್ರೆ' ಎಂದು ಬೆಟ್ಟಸ್ವಾಮಿ ಅಂದಾಗ ಎದ್ದ ನಗು ಬಸ್ಸಿಗೆ ನಿಂತಿದ್ದಾಗಲೂ ಅವಳ ಬೆನ್ನಿಗೆ ತಾಗುತ್ತಿತ್ತು. ಅಲ್ಲಿಗೇ ಮಂಗಳಮ್ಮ ಬಂದಿದ್ದಳು. ಐವತ್ತರ ಆಸುಪಾಸಿನ ಹೆಂಗಸು, ಒಂಟಿ, ಹೊಳೆ ಪಕ್ಕದ ಒಂದು ತುಂಡು ಅವಳದು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ 'ಗಿಡ ಯಾರ್ಗೆ ಮೇಡಮ್ಮೋರೆ?' ಎಂದು ಕೇಳಿದ್ದಳು. ಸಮುದ್ರ ಬಂದು ಹೋದ ಊರಿನವರಿಗೆ ಎಂದಾಗ, 'ಟೀವೀಲ್ ತೋರ್ಸುದ್ರಲ್ಲ, ಅವ್ರಿಗಾ?' ಎಂದು ಸ್ವಲ್ಪ ಹೊತ್ತು ರಸ್ತೆ ನೋಡಿದಳು. ಆಮೇಲೆ ಮನೆಗೆ ಕರೆದು ಚೊಂಬಿನಲ್ಲಿ ನೀರು ಕೊಟ್ಟಳು. ಸಮೀಕ್ಷಾ 'ಬೇಡ, ಈಗ ತಾನೆ ಕುಡಿದೆ' ಎಂದಳು. ಅದು ನಿಜವಾಗಿತ್ತು. ಬ್ಯಾಗಿನಲ್ಲಿ ಖಾಲಿ ಬಾಟಲಿಯೂ ಇತ್ತು. ಆದರೆ ನಂಜನಗೂಡಿನ ಅಗ್ರಹಾರದಿಂದ ಬಂದವಳು, ಗೋಡೆಯ ಮೇಲೆ ಬುದ್ಧನ ಪಟವಿದ್ದ ಆ ಮನೆಯ ನಡುವೆ ನಿಂತು ಬೇಡವೆಂದರೆ ಅದು ನಿಜವೆಂದು ನಂಬಲು ಅಲ್ಲಿ ಯಾರಿಗೂ ಕಾರಣವಿರಲಿಲ್ಲ. ಚೊಂಬು ಸದ್ದಿಲ್ಲದೆ ಒಳಗೆ ಹೋಯಿತು. ಅಂದಿನಿಂದ ಬಾಯಾರಲಿ ಬಿಡಲಿ, ಆ ಮನೆಗೆ ಹೋದಾಗಲೆಲ್ಲ ಅವಳು ತಾನಾಗಿ ನೀರು ಕೇಳಿ, ತಳ ಕಾಣುವ ತನಕ ಕುಡಿಯುತ್ತಾಳೆ. ಕುಡಿಯುವುದನ್ನು ಮಂಗಳಮ್ಮ ನೋಡುತ್ತಿದ್ದಾಳೆಯೇ ಎಂದು ಚೊಂಬಿನ ಅಂಚಿನ ಮೇಲಿಂದ ನೋಡುತ್ತಾಳೆ.

ಜಾಗ ಸಿಕ್ಕ ಮೇಲೆ ಅವಳು ಎಲ್ಲರಿಗೂ ಹೇಳಿದ್ದಳು: ಇದಕ್ಕೆ ಗಾಳಿ ಮರ ಅನ್ನಿ, ಬೇರೆ ಹೆಸರು ಬೇಡ. ಕೂಲಿಗೆ ಬರುವ ಹೆಂಗಸರಿಗೂ, ನರೇಂದ್ರರಿಗೂ. ನರೇಂದ್ರ ನಕ್ಕು, 'ನೀವು ಗಿಡ ಬೆಳೆಸ್ತಿಲ್ಲ, ಗಿಡದ ಹೆಸರು ಬೆಳೆಸ್ತಿದೀರಿ' ಎಂದಿದ್ದರು. ಆದರೂ ಅವಳು ಬಿಡಲಿಲ್ಲ. ಆಫೀಸಿನವರು ಯಾರಾದರೂ ಮರೆತು 'ಸರ್ವೆ' ಅಂದರೆ ಮೆಲ್ಲಗೆ ತಿದ್ದಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಊರಿನಲ್ಲಿ ಗಾಳಿ ಮರವೆಂದರೆ ಮಂಗಳಮ್ಮನ ಹೊಲದ ಸಸಿ, ಸರ್ವೆ ಎಂದರೆ ಚೈನು. ಈಗ ಬಸ್ಸು ಚಿಕ್ಕಯ್ಯನಛತ್ರದ ಹತ್ತಿರ ನಿಂತು ಮತ್ತೆ ಹೊರಟಾಗ ಅವಳಿಗೆ ಇದ್ದಕ್ಕಿದ್ದಂತೆ ತಿಳಿಯಿತು. ಆ ಪದದೊಳಗಿದ್ದ ಗಿಡವನ್ನು ತಾನೇ ಒಂದೊಂದೇ ಬೇರು ಬಿಡಿಸಿ ಕಿತ್ತು ಹಾಕಿದ್ದಳು. ಸುಮ್ಮನೆ ಬಿಟ್ಟಿದ್ದರೆ ಇಷ್ಟು ತಿಂಗಳಲ್ಲಿ ಆ ಜನ ಎರಡು ಅರ್ಥವನ್ನೂ ಒಂದೇ ಮನೆಯಲ್ಲಿ ಇಟ್ಟುಕೊಳ್ಳಲು ಕಲಿತಿರುತ್ತಿದ್ದರು. ಕಿಟಕಿಯ ಸರಳು ಅಂಗೈಗೆ ಬಿಸಿಯಾಗಿತ್ತು. ಕೈ ತೆಗೆಯಲಿಲ್ಲ.

ಸೆಲ್ವಿಯ ಕೈಗಳು ನೆನಪಾದವು. ನೆನಪಾಗುವುದೆಂದರೆ ಬರುವುದಲ್ಲ, ಅವು ಸದಾ ಅಲ್ಲೇ ಇರುತ್ತವೆ. ಬೇರೆ ಯೋಚನೆ ಪಕ್ಕಕ್ಕೆ ಸರಿದಾಗ ಕಾಣುತ್ತವೆ, ಅಷ್ಟೆ. ಸುನಾಮಿಯ ಮರುತಿಂಗಳು, ಜನವರಿಯಲ್ಲಿ, ಸಂಸ್ಥೆಯವರೊಂದಿಗೆ ನಾಗಪಟ್ಟಣದ ಕಡೆಯ ಒಂದು ಮೀನುಗಾರರ ಕೇರಿಗೆ ಹೋಗಿದ್ದಳು. ಕೇರಿಗೂ ಕಡಲಿಗೂ ನಡುವೆ ಹಳೆಯ ಸರ್ವೆ ತೋಪು. ಮರದ ಕೊಂಬೆಗಳಲ್ಲಿ ಬಲೆ, ಸೀರೆ, ಒಂದು ಕುರ್ಚಿ, ತಲೆಗಿಂತ ಎಷ್ಟೋ ಎತ್ತರದಲ್ಲಿ. ಮುಂದಿನ ಸಾಲಿನ ಮರಗಳು ಮುರಿದು ಮಲಗಿದ್ದವು, ಹಿಂದಿನವು ನಿಂತಿದ್ದವು. ತೋಪಿನ ಬೆನ್ನಿಗಿದ್ದ ಮನೆಗಳಿಗೆ ನೀರು ಬಂದಿತ್ತು, ಆದರೆ ದಣಿದು ಬಂದಿತ್ತು. ಗೋಡೆಗಳು ಉಳಿದಿದ್ದವು, ಜನ ಓಡಲು ಹೊತ್ತು ಸಿಕ್ಕಿತ್ತು. ತೋಪಿನ ನಡುವೆ ದೋಣಿ ಎಂಜಿನ್ನು ಸಾಗಿಸಲೆಂದು ಮರ ಕಡಿದು ಒಂದು ದಾರಿ ಮಾಡಿದ್ದರು. ಎರಡು ಗಾಡಿ ಅಕ್ಕಪಕ್ಕ ಹೋಗುವಷ್ಟು ಸಂದು. ಎರಡೂ ಕಡೆ ಮರಗಳು ತಡೆದ ನೀರೆಲ್ಲ ಆ ಸಂದಿಗೆ ನುಗ್ಗಿ, ಇನ್ನೂ ಜೋರಾಗಿ, ಅದರ ಎದುರಿಗಿದ್ದ ಮನೆಗಳ ಮೇಲೆ ಬಿದ್ದಿತ್ತು. ಅಲ್ಲಿ ಮನೆಗಳೇ ಉಳಿದಿರಲಿಲ್ಲ. ತೊಳೆದ ನೆಲದ ಮೇಲೆ, ತನ್ನ ಮನೆಯಿದ್ದ ಜಾಗದಲ್ಲಿ, ಸೆಲ್ವಿ ನಿಂತು ಎರಡೂ ಕೈಗಳನ್ನು ಅಗಲಿಸಿ ಸಂದನ್ನು ಅಳೆದು ತೋರಿಸಿದಳು. 'ಇವ್ವಳವುದಾನ್' ಎಂದಳು. ಇಷ್ಟೇ. ಅದನ್ನೇ ಮೂರ್ನಾಲ್ಕು ಸಲ ಅಂದಳು, ಅಂಗಡಿಯಲ್ಲಿ ಬಟ್ಟೆ ಅಳೆಸಿಕೊಳ್ಳುವವಳ ಹಾಗೆ. ಅವಳ ಅತ್ತೆ, ಮಗಳು ಎಂದು ಪಕ್ಕದವರು ಏನೋ ಹೇಳುತ್ತಿದ್ದರು. ಸೆಲ್ವಿ ಸಮೀಕ್ಷಾಳನ್ನು ನೋಡಿ, 'ಮರಂ ವರುಮಾ?' ಎಂದು ಕೇಳಿದಳು. ಮರ ಬರುತ್ತದೆಯೇ? 'ವರುಂ' ಎಂದಿದ್ದಳು ಸಮೀಕ್ಷಾ. ತನಗೆ ಗೊತ್ತಿದ್ದ ಅಷ್ಟಿಷ್ಟು ತಮಿಳಿನಲ್ಲಿ ತಪ್ಪಿಲ್ಲದೆ ಹೇಳಿದ ಒಂದೇ ಪದ. ಆಮೇಲೆ ಆ ಕಡೆಗೆ ಹೋಗುವ ಪ್ರತಿ ತಂಡದಿಂದಲೂ ಒಂದೊಂದು ಕಾರಣ ಹೇಳಿ ತಪ್ಪಿಸಿಕೊಂಡಿದ್ದಳು. ಸಸಿಗೆ ನೀರಿಲ್ಲ, ಅಪ್ಪನಿಗೆ ಹುಷಾರಿಲ್ಲ. ಅಗಲಿಸಿದ ಆ ಕೈಗಳ ಎದುರು ಇನ್ನೊಮ್ಮೆ ನಿಲ್ಲಬೇಕಾದರೆ ಕಡಿದ ದಾರಿ ಮುಚ್ಚುವಷ್ಟು, ಮುರಿದ ಸಾಲು ತುಂಬುವಷ್ಟು ಗಿಡ ಇರಬೇಕು. ಇವತ್ತು ಮಧ್ಯಾಹ್ನ ಬರುವ ಲಾರಿ ಆ ಗಿಡಗಳಿಗಾಗಿ. ಆ ಕಡೆಯ ಮಳೆ ಶುರುವಾಗುವ ಮುಂಚೆ ನೆಡದಿದ್ದರೆ ಇನ್ನೊಂದು ವರ್ಷ.

ಬಸ್ಸಿಳಿದಾಗ ಬೆಟ್ಟಸ್ವಾಮಿ ಗಿಲಾವಿಲ್ಲದ ಗೋಡೆಗೆ ಒರಗಿ ತಕ್ಕಡಿ ಒರೆಸುತ್ತಿದ್ದ. 'ಬನ್ನಿ ಮೇಡಮ್ಮೋರೆ, ಒಬ್ರೇ ಬಂದ್ರಾ? ಎಲ್ಲಿ, ಅಳೆಯೋರು?'

'ಯಾರು?' ಎಂದಳು. ಯಾರೆಂದು ಗೊತ್ತಿತ್ತು.

'ಅಳೆಯೋರು ಕಣ್ರೀ. ಅಳಿಯಂದ್ರಾಗಿದ್ರೆ ಕೋಳಿ ಕುಯ್ದು ಉಣ್ಸಿ ಕಳಿಸ್ಬೋದಾಗಿತ್ತು. ಅಳೆಯೋರ್ಗೆ ಏನ್ ಉಣ್ಸದು, ಅವ್ರು ಜಮೀನ್ನೇ ಉಣ್ಣೋರು.' ಅಂಗಡಿಯ ಜಗುಲಿಯಲ್ಲಿ ಕೂತಿದ್ದ, ಊರಿನಲ್ಲಿ ಎತ್ತು ಬಾಡಿಗೆಗೆ ಕೊಡುವ ನಿಂಗರಾಜು ನಗಲಿಲ್ಲ. ಅವಳ ಚಪ್ಪಲಿ ನೋಡುತ್ತಿದ್ದ. ಬೆಟ್ಟಸ್ವಾಮಿ ತಕ್ಕಡಿ ಕೆಳಗಿಟ್ಟ. 'ನೀವೇ ಅಂದ್ರಲ್ಲ, ಸೋಮವಾರ ಸರ್ವೆಗೆ ಬತ್ತರೆ, ಎಲ್ಲ ತಯಾರಿರ್ಲಿ ಅಂತ. ಮುಂಚೇನೆ ಏಳುದ್ರಿ, ಪುಣ್ಯಾತ್ಮರು. ಬೇರೆ ಯಾರಾಗಿದ್ರೂ ಏಳ್ತಿರ್ಲಿಲ್ಲ.'

ಆ ಪದವೇ. ಇಷ್ಟು ದಿನ ಹುಡುಕುತ್ತಿದ್ದ ವಸ್ತು ಅವನ ಬಾಯಲ್ಲಿ ಸಲೀಸಾಗಿ ಸಿಕ್ಕಿತ್ತು. ಈಗಲೇ ಹೇಳಬೇಕಿತ್ತು. ಆದರೆ 'ಪುಣ್ಯಾತ್ಮರು' ಎಂದದ್ದು ಅವಳ ಬಾಯಿಗೆ ಅಡ್ಡ ಬಂದಿತು. ಮೊದಲ ದಿನದ ನಗುವಿನ ಜಾಗದಲ್ಲಿ ಈ ಊರು ಅವಳಿಗೆ ಮೊದಲ ಬಾರಿ ಮರ್ಯಾದೆ ಇಟ್ಟು ಕೂತಿತ್ತು. 'ಹೊಲದ ಹತ್ತಿರ ಹೋಗಿ ಬರ್ತೀನಿ' ಎಂದು ಹೆಚ್ಚುಕಡಿಮೆ ಓಡಿದಳು.

ಹೊಲ ಉತ್ತಾಗಿತ್ತು. ಸಸಿಗಳ ಸಾಲು ಸಾಲು ಮಡಿಗಳಿದ್ದಲ್ಲಿ ಎತ್ತಿನ ಗೊರಸಿನ ಗುರುತು, ಎಳೆದ ನೇಗಿಲ ಗೆರೆ, ಮಗುಚಿದ ಹಸಿ ಮಣ್ಣಿನ ವಾಸನೆ. ಮೊದಲಿಗೆ ಅವಳಿಗೆ ಅನಿಸಿದ್ದು ಎಷ್ಟು ಅಚ್ಚುಕಟ್ಟಾಗಿದೆ ಎಂದು. ಬದುವಿನ ಮೇಲೆ ಕೂತಿದ್ದ ಮಂಗಳಮ್ಮ ಎದ್ದು ಬಂದಳು. ಕಣ್ಣು ಕೆಂಪಗಾಗಿತ್ತು, ಮೊಣಕಾಲಿನ ತನಕ ಮಣ್ಣು. 'ಎಂಗದೆ ಮೇಡಮ್ಮೋರೆ? ಉಳ್ಳಿ ಕಾಳ್ ಚೆಲ್ಲುಸ್ಬುಟ್ಟೆ. ಉತ್ತ್ ನೆಲನ ಬೀಳು ಅಂತ ಯಾವನ್ ಬರ್ಕಂಡಾನು, ಬರ್ಕಳ್ಳಿ ನೋಡಣ. ನಿಂಗರಾಜ್ನ ಎತ್ತು ಕೇಳ್ದೆ, ಕೊಡ್ನಿಲ್ಲ. ಅವ್ನ್ ಎಂಡ್ತಿ ಕಾಲ್ ಇಡ್ಕಂಡೆ, ಕೊಟ್ಟ.'

'ಗಿಡ?'

'ಗಿಡಕ್ಕೇನು. ಬಚ್ಚಿಟ್ಟಿವ್ನಿ. ಅವ್ರ ಕಣ್ಗೆ ಬಿದ್ದು, ಇದು ಫಾರೆಸ್ಟು ಅಂತ ಬರ್ದುಬುಟ್ರೆ ನಾನೆಲ್ಲಿಗೋಗ್ಲಿ. ಬನ್ನಿ, ನೀರ್ ಕುಡ್ದೀರಂತೆ.'

ಬೀದಿಯ ಕೊನೆಗೆ ಕಟ್ಟುತ್ತ ನಿಂತುಹೋಗಿದ್ದ ಅಂಬೇಡ್ಕರ್ ಭವನ. ಗೋಡೆಯಿತ್ತು, ಸೂರಿರಲಿಲ್ಲ. ಬಾಗಿಲಿಲ್ಲದ ಬಾಗಿಲಿಗೆ ತೆಂಗಿನ ಗರಿ ಅಡ್ಡ ಇಟ್ಟಿದ್ದರು. ಮಂಗಳಮ್ಮ ಅದನ್ನು ಸರಿಸಿದಾಗ ಒಳಗೆ ಹಸಿರು. ಗೋಡೆಯಿಂದ ಗೋಡೆಗೆ ತುಂಬಿ ನಿಂತ ಸಸಿಗಳು, ಎಳೆಯ ಸೂಜಿಯೆಲೆಗಳಿಗೆ ಅಂಟಿದ ನೀರ ಹನಿ. ಯಾರೋ ಈಗಷ್ಟೇ ಚಿಮುಕಿಸಿದ್ದರು. ಗಾಳಿ ಬಂದಾಗ ಅವೆಲ್ಲ ಒಟ್ಟಿಗೆ, ಬಲಿಯದ ದನಿಯಲ್ಲಿ, ಆ ತೋಪಿನ ಸದ್ದನ್ನೇ ಮಾಡಿದವು. ಬದುಕಿವೆ. ತಾನು ಅನುಭವಿಸಿದ ಎರಡು ದಿನದ ಸಂಕಟ ಯಾರಿಗೂ ತಿಳಿಯದೆ ಮುಗಿದುಹೋಗಬಹುದು. ಸರ್ವೆಯವರು ಬರಲಿಲ್ಲವೆಂದು ಊರು ಸಮಾಧಾನ ಪಡಬಹುದು. ಸಮೀಕ್ಷಾ ಬಾಗಿ ಹತ್ತಿರದ ಸಸಿಯೊಂದನ್ನು ಮುಟ್ಟಿದಳು. ಅದು ಅವಳ ಬೆರಳುಗಳ ನಡುವೆ ತಿರುಗಿತು, ಸಡಿಲವಾದ ಕೀಲಿಯ ಹಾಗೆ. ಮೆಲ್ಲಗೆ ಮೇಲೆತ್ತಿದಳು, ಸಸಿ ಮಾತ್ರ ಬಂದಿತು, ಮಣ್ಣು ತುಂಬಿದ ಪ್ಲಾಸ್ಟಿಕ್ ಪ್ಯಾಕೆಟ್ಟು ನೆಲದಲ್ಲೇ ಉಳಿಯಿತು. ಸಣ್ಣ ಬೇರುಗಳೆಲ್ಲ ಹರಿದಿದ್ದವು.

'ಎತ್ತುವಾಗ ಕತ್ತು ಹಿಡಿದು ಎತ್ತಿದ್ರಾ?'

'ಒಂದೊಂದೇ ತಳ ಇಡ್ದು ಎತ್ತಿ ಅಂತ ನೀವು ಏಳ್ಕೊಟ್ಟಿದ್ದು ಗ್ಯಾಪ್ಕ ಅದೆ. ಮೊದ್ಲು ಅಂಗೇ ಎತ್ತುದ್ವಿ. ಆಮೇಲ್ ಎತ್ತು ಬಂತು, ಬಾಡ್ಗೆ ಎತ್ತು, ಅವ್ನ್ ನಿಂತಾನಾ? ಸೊಪ್ಪಿನ್ ಕಂತೆ ಇಡ್ದಂಗೆ ಇಡ್ಕಂಡ್ ಓಡುದ್ವಿ.' ಮಂಗಳಮ್ಮ ಅವಳ ಮುಖ ನೋಡಿ ಬೇಗಬೇಗ ಸೇರಿಸಿದಳು, 'ಚೆಲ್ಲೋದ್ ಮಣ್ಣೆಲ್ಲ ತಿರ್ಗಾ ತುಂಬಿವಿ ಕಣ್ರೀ. ನೀರೂ ಉಯ್ದಿವಿ. ಅಸ್ರಾಗೇ ಅವೆ, ನೋಡಿ.'

ಹಸಿರಾಗಿಯೇ ಇದ್ದವು. ಅದೇ ಈ ಮರದ ಗುಣ. ಸತ್ತದ್ದನ್ನು ಬಹಳ ದಿನ ಯಾರಿಗೂ ಹೇಳುವುದಿಲ್ಲ. ಯಾವುದು ತಳ ಹಿಡಿದು ಬಂದದ್ದು, ಯಾವುದು ಕತ್ತು ಹಿಡಿದು ಬಂದದ್ದು, ಈಗ ಎಲ್ಲ ಒಂದೇ ಹಸಿರಿನೊಳಗೆ ಬೆರೆತುಹೋಗಿತ್ತು.

ಅಂಗಡಿಗೆ ವಾಪಸು ಬಂದು ನರೇಂದ್ರರಿಗೆ ಫೋನು ಮಾಡಿದಳು. ಬೆಟ್ಟಸ್ವಾಮಿ ಗಿರಣಿಯನ್ನು ತಾನಾಗಿಯೇ ನಿಲ್ಲಿಸಿದ. ಅವಳಿಗೆ ಅನುಕೂಲವಾಗಲೆಂದೋ ತನಗೆ ಕೇಳಲೆಂದೋ. ಅವಳು ಅರ್ಧ ಹೇಳುವಷ್ಟರಲ್ಲಿ ನರೇಂದ್ರ, 'ಹಸಿರಾಗಿವೆ ತಾನೆ?' ಎಂದರು.

'ಇವೆ ಸರ್. ಆದ್ರೆ ಬೇರು...'

'ಲೋಡ್ ಮಾಡಿಸಿ. ಅಲ್ಲಿಗೆ ಹೋದ ಮೇಲೆ ಒಂದಷ್ಟು ಸಾಯೋದು ಇದ್ದದ್ದೇ. ಉಪ್ಪು ಮರಳು, ಬಿಸಿಲು. ಯಾಕೆ ಸತ್ತವು ಅಂತ ಬೇರು ಅಗೆದು ನೋಡೋರು ಯಾರು?' ಪೆನ್ನಿನ ಸದ್ದು ಕೇಳಿಸಿತು. 'ಸಮೀಕ್ಷಾ, ನಿಮಗೆ ತೊಂದರೆ ಆಗಬಾರದು ಅಂತ ಹೇಳ್ತಿದೀನಿ. ಹಳ್ಳಿಯವರು ತಪ್ಪು ತಿಳಿದ್ರು ಅಂತ ಬೇಕಾದ್ರೆ ಆಮೇಲೆ ಬರೆದರಾಯ್ತು.'

ಹಳ್ಳಿಯವರು ತಪ್ಪು ತಿಳಿದರು. ಎಷ್ಟು ಹದವಾದ ವಾಕ್ಯ. ಅಪ್ಪನೂ ತಿದ್ದಲಾರರು. ಅವಳು 'ನೋಡ್ತೀನಿ ಸರ್' ಎಂದು ಫೋನಿಟ್ಟು, ಹಿಂದಿರುಗುವಾಗ ದಾರಿಯುದ್ದಕ್ಕೂ ಆ ವಾಕ್ಯವನ್ನು ಜೊತೆಗಿಟ್ಟುಕೊಂಡೇ ನಡೆದಳು. ಎಲ್ಲವನ್ನೂ ಕಳಿಸಿದರೆ ಎಲ್ಲವನ್ನೂ ನೆಡುತ್ತಾರೆ. ಸೆಲ್ವಿ ತನ್ನ ಮನೆಯಿದ್ದ ಜಾಗದ ಎದುರು ತಾನೇ ಕೂತು ನೆಡುತ್ತಾಳೆ, ಕೊಡದಲ್ಲಿ ನೀರು ಹೊತ್ತು ಹಾಕುತ್ತಾಳೆ. ಕೆಲವು ವಾರ ಹಸಿರಾಗಿರುತ್ತದೆ. ಆಮೇಲೆ ಅಲ್ಲಿಷ್ಟು ಇಲ್ಲಿಷ್ಟು ಕಂದು ಬಣ್ಣ. ಕಡಿಮೆ ಕಳಿಸಿದರೂ ಸಂದು, ಸತ್ತದ್ದನ್ನು ಕಳಿಸಿದರೂ ಸಂದು. ವ್ಯತ್ಯಾಸ ಒಂದೇ: ಸತ್ತದ್ದನ್ನು ಕಳಿಸಿದರೆ ಆ ಸಂದು ಯಾರ ಮನೆಯ ಎದುರು ಬೀಳುತ್ತದೆಂದು ಯಾರೂ ತೀರ್ಮಾನಿಸಬೇಕಾಗಿಲ್ಲ. ಅದಕ್ಕೇ ಅದು ಸುಲಭ.

ಭವನದ ನೆಲದ ಮೇಲೆ ಕೂತು ಅವಳು ಒಂದೊಂದೇ ಸಸಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡತೊಡಗಿದಳು. ತಿರುಗದಿದ್ದರೆ ಬಾಗಿಲಿನ ಕಡೆಗೆ. ತಿರುಗಿದರೆ ಹಿಂದಿನ ಗೋಡೆಗೆ. ಸ್ವಲ್ಪ ಹೊತ್ತು ನಿಂತು ನೋಡಿದ ಮಂಗಳಮ್ಮ ಎದುರಿಗೆ ಕೂತು ತಾನೂ ಹಾಗೆಯೇ ಮಾಡತೊಡಗಿದಳು. ಹಿಂದಿನ ಗೋಡೆಯ ಗುಂಪು ಬೆಳೆಯುತ್ತಿದ್ದಂತೆ ಅವಳ ಕೈ ನಿಧಾನವಾಯಿತು. 'ಇವು ಬದ್ಕಲ್ವಾ?'

'ಇಲ್ಲ. ಅಲ್ಲಿ ಅಷ್ಟು ಮನೆಗಳ ಮುಂದೆ ಜಾಗ ಖಾಲಿ ಉಳಿಯುತ್ತೆ.'

'ಆ ಸರ್ವೆಯೋರ ಮನೆ ಆಳಾಗ. ಇನ್ನೂ ಬರ್ನಿಲ್ಲ ನೋಡಿ, ಇಷ್ಟೊತ್ತಾದ್ರೂ.'

'ಯಾರೂ ಬರೋದಿಲ್ಲ ಮಂಗಳಮ್ಮ.' ಸಮೀಕ್ಷಾ ಮುಂದಿನ ಸಸಿಯನ್ನು ಎತ್ತಿಕೊಂಡಳು. 'ಬರೋದು ಗಿಡ ಒಯ್ಯೋ ಲಾರಿ. ಈ ಮರಕ್ಕೆ ಸರ್ವೆ ಅಂತಾನೂ ಅಂತಾರೆ. ಸರ್ವೆ ಮರ. ನಿಮಗೆ ಭಯ ಆಗುತ್ತೆ ಅಂತ ನಾನೇ ಅದನ್ನ ಗಾಳಿ ಮರ ಅನ್ನಿಸಿದ್ದು. ಫೋನಲ್ಲಿ ಮರೆತು ಆ ಪದ ಅಂದೆ.'

ಮಂಗಳಮ್ಮ ಕೈಯಲ್ಲಿದ್ದ ಸಸಿಯನ್ನು ಕೆಳಗಿಡಲಿಲ್ಲ. ಬೈಯುತ್ತಾಳೆಂದು ಸಮೀಕ್ಷಾ ಕಾದಳು, ಬೈದರೆ ಒಳ್ಳೆಯದಿತ್ತು. 'ಸಾರ್ವೆ ಕಟ್ಟೋ ಮರ' ಎಂದಳು ಮಂಗಳಮ್ಮ, ಸಸಿಯನ್ನು ಹೊಸದಾಗಿ ನೋಡುತ್ತ. 'ಗಾರೆ ಕೆಲ್ಸ್ದೋರು ಅತ್ತಿ ನಿಂತ್ಕಳಕೆ ಗ್ವಾಡೆಗ್ ಕಟ್ತರಲ್ಲ, ಅದಾ? ಈ ಗ್ವಾಡೆಗೂ ಅದ್ನೇ ಕಟ್ಟಿದ್ರು. ನಾನೇ ಒತ್ತಾಕಿದ್ದೆ.' ಗೋಡೆಯ ಕಡೆಯಿಂದ ತಿರುಗಿ, 'ಅಂಗಾರೆ ಇಷ್ಟ್ ದಿನ ನಾನು ಯಾರ್ಗೆ ಎದ್ರುಕಂಡಿದ್ದೆ? ಅನ್ನ ಇಳೀನಿಲ್ಲ. ಅವ್ಳ ಕಾಲ್ ಇಡ್ಕಂಡೆನಲ್ಲ. ಯಾರ್ಗೋಸ್ಕರ ಇಡ್ಕಂಡೆ?'

ಸಮೀಕ್ಷಾ ಸಸಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮಂಗಳಮ್ಮ ಕೈಯಲ್ಲಿದ್ದ ಸಸಿಯನ್ನು ತಿರುಗಿಸಿ ನೋಡಿ, ಹಿಂದಿನ ಗೋಡೆಗೆ ಇಟ್ಟಳು. 'ಕೂತ್ರೆ ಆಗಲ್ಲ, ನೋಡ್ಕಳವ್ವ ನಿನ್ ಕಡೇದ' ಎಂದಳು. ಅವಳು ಏಕವಚನಕ್ಕೆ ಇಳಿದದ್ದು ಸಮೀಕ್ಷಾಗೆ ಸ್ವಲ್ಪ ತಡವಾಗಿ ತಿಳಿಯಿತು. ಅದು ಸಿಟ್ಟೋ ಸಲಿಗೆಯೋ ಎಂದು ತೂಗಿ ನೋಡುವ ಅಭ್ಯಾಸ ತಲೆಯೆತ್ತಿತು. ಕೈ ಮಾತ್ರ ಮತ್ತೆ ಸಸಿ ತಿರುಗಿಸತೊಡಗಿತು.

ಲಾರಿ ಬಂದಾಗ ಬಾಗಿಲ ಕಡೆಯ ಗುಂಪು ಅರ್ಧಕ್ಕಿಂತ ಸ್ವಲ್ಪ ಹೆಚ್ಚಿತ್ತು. ಕೂಲಿ ಹೆಂಗಸರು ತಳ ಹಿಡಿದು ಒಂದೊಂದಾಗಿ ಏರಿಸಿದರು. ಡ್ರೈವರು ಬಿಳಿ ಮೀಸೆಯ ತಮಿಳಿನವನು. ಹಿಂಬದಿಯ ಹಲಗೆ ಹಾಕುವ ಮುಂಚೆ ಒಳಗೆ ಇಣುಕಿದ. ಮುಂದಿನ ಅರ್ಧ ಹಸಿರು, ಹಿಂದೆ ಬರಿಯ ಕಬ್ಬಿಣದ ನೆಲ. 'ಇವ್ವಳವುದಾನಾ?' ಎಂದ.

ಅವನು ಕೈ ಅಗಲಿಸಲಿಲ್ಲ. ಆದರೂ ಸಮೀಕ್ಷಾ ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟೇ ಎಂದು ಹೇಳಬೇಕಾದದ್ದು ಇವನಿಗಲ್ಲ. ಫೋನಿನಲ್ಲಿ ಹೇಳುವಂಥದ್ದೂ ಅಲ್ಲ. ಇನ್ನು ಫೋನಿನಲ್ಲಿ ಅವಳು ಏನನ್ನೂ ಹೇಳಲಾರಳು. ಈ ಸಸಿಗಳನ್ನು ಅಲ್ಲಿ ನೆಡಲು ಸಂಸ್ಥೆ ಕಳಿಸುತ್ತಿದ್ದ ಹೆಂಗಸರಿಬ್ಬರು ಕೊಳ್ಳೇಗಾಲದಲ್ಲಿ ಲಾರಿ ಹತ್ತುವವರಿದ್ದರು. ಅವರ ಜೊತೆ ಹೋಗಬಹುದು. ಹೋಗಿ, ಅಲ್ಲಿಯವರ ಎದುರು ಕೂತು, ಎಲ್ಲಿ ತುಂಬುವುದು, ಎಲ್ಲಿ ಬಿಡುವುದು ಎಂದು ಕೇಳಬೇಕು. ನರೇಂದ್ರರು ಸಿಟ್ಟಾಗುತ್ತಾರೆ. ಬ್ಯಾಗಿನಲ್ಲಿ ಒಂದು ಖಾಲಿ ಬಾಟಲಿ, ಛತ್ರಿ ಬಿಟ್ಟು ಏನೂ ಇರಲಿಲ್ಲ.

'ಬೆಟ್ಟಸ್ವಾಮಿಯವರೇ, ನಮ್ಮ ಮನೆಗೆ ಒಂದು ಫೋನ್ ಮಾಡಿ ಹೇಳ್ತೀರಾ?'

ಅಂಗಡಿ ಬಿಟ್ಟು ಬಂದು ನಿಂತಿದ್ದ ಬೆಟ್ಟಸ್ವಾಮಿಗೆ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು. 'ಏಳ್ತೀನಿ. ಏನಂತ? ಸರ್ವೆಗೋದ್ರು ಅನ್ಲಾ?' ಎಂದ. ಈ ಸಲ ನಿಂಗರಾಜು ನಕ್ಕ, ಹೆಂಗಸರೂ ನಕ್ಕರು. ಮೊದಲ ದಿನದ್ದೇ ನಗು. ಸಮೀಕ್ಷಾ ಅದರ ಮಧ್ಯೆ ನಿಂತಿದ್ದಳು, ಓಡಲು ಬಸ್ಸಿರಲಿಲ್ಲ. 'ಹಾಗೇ ಅನ್ನಿ' ಎಂದಳು.

ಮಂಗಳಮ್ಮ ನಗಲಿಲ್ಲ. ಸಮೀಕ್ಷಾಳ ಬ್ಯಾಗಿನಿಂದ ಖಾಲಿ ಬಾಟಲಿ ಕಿತ್ತುಕೊಂಡು ಹೋಗಿ ನೀರು ತುಂಬಿ ತಂದಳು. ಸಮೀಕ್ಷಾ ಡ್ರೈವರಿನ ಪಕ್ಕ ಹತ್ತಿ ಕೂತ ಮೇಲೆ ಕಿಟಕಿಯಿಂದ ಬಾಟಲಿ ಕೊಟ್ಟಳು. ಕೊಟ್ಟರೂ ಅದರ ಮೇಲಿನ ಹಿಡಿತ ಬಿಡಲಿಲ್ಲ. ಅವಳು ಕೇಳಬೇಕೆಂದಿದ್ದದ್ದು ಇನ್ನೂ ಇತ್ತು. ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲೆಂದು ಗಾಲಿಯ ಮೇಲೆ ಒಂದು ಕಾಲಿಟ್ಟು ಮೇಲಕ್ಕೆ ಬಂದಳು.

'ಅಲ್ಲ ಕಣವ್ವ, ಅಲ್ಲಿಗೋದ್ಮೇಲೆ,' ಎಂದಳು ಮಂಗಳಮ್ಮ, 'ನಾನ್ ಕಿತ್ತಿದ್ ಗಿಡದ್ ಜಾಗನ ಯಾರ್ ಮನೆ ಮುಂದೆ ಖಾಲಿ ಬುಡ್ತೀರಿ?'